ಸಿ-ನಾಟ್ ಗೇಟ್ ಕ್ಯೂಬಿಟ್ ಕಾಪಿ ಮಾಡುತ್ತದೆ ಅಲ್ವಾ?

ಪ್ರಶ್ನೆ:
ಎಂ.ಎಸ್ಸಿ. ಪ್ರಾಜೆಕ್ಟಿಗೆ ಒಂದು ಪುಟ್ಟ ಕ್ವಾಂಟಮ್ ಭಾಷೆ ಬರೆಯುತ್ತಿದ್ದೇನೆ. ಒಂದೇ ಕ್ಯೂಬಿಟ್ (0, 1 ಎರಡೂ ಬೆರೆತು ಇರಬಲ್ಲ ಕ್ವಾಂಟಮ್ ಬಿಟ್) ಎರಡು ಕಡೆ ಬಳಸಿದರೆ ಟೈಪ್ ಚೆಕರ್, ಅಂದರೆ ಓಡಿಸುವ ಮೊದಲೇ ತಪ್ಪು ಹಿಡಿಯುವ ಭಾಗ, ತಡೆಯಬೇಕು ಅಂತ ಗೈಡ್ ಹೇಳುತ್ತಾರೆ. ಆದರೆ ಸಿ-ನಾಟ್ ಅಂದರೆ ಮೊದಲ ಕ್ಯೂಬಿಟ್ 1 ಇದ್ದರೆ ಎರಡನೆಯದನ್ನು ತಿರುಗಿಸುವ ಗೇಟ್; ಅದಕ್ಕೆ ಜೊತೆಯಲ್ಲೊಂದು 0 ಕೊಟ್ಟರೆ, 0 ಇದ್ದದ್ದು 00 ಆಗುತ್ತದೆ, 1 ಇದ್ದದ್ದು 11 ಆಗುತ್ತದೆ. ಇದು ಕಾಪಿ ಅಲ್ವಾ? ಇದರಲ್ಲಿ ಕೆಟಗರಿ ಥಿಯರಿಗೇನು ಕೆಲಸ?

ಉತ್ತರ:
ನಾನೂ ಇಲ್ಲೇ ಒಂದು ವಾರ ಸಿಕ್ಕಿಹಾಕಿಕೊಂಡಿದ್ದೆ. ಬಿಡಿಸಿದ್ದು ಒಂದು ಹಾಳೆ ಲೆಕ್ಕ. 0, 1 ಬಿಟ್ಟು ಪ್ಲಸ್ ಸ್ಥಿತಿ ಹಾಕಿ ನೋಡಿ, ಅಂದರೆ ಎರಡೂ ಸಮನಾಗಿ ಬೆರೆತದ್ದು. ನಿಜವಾದ ಕಾಪಿ ಆಗಿದ್ದರೆ ಅಳೆದಾಗ 00, 01, 10, 11 ನಾಲ್ಕೂ ತಲಾ ಕಾಲು ಭಾಗ ಬರಬೇಕು. ಸಿ-ನಾಟ್ ಆದಮೇಲೆ ಬರುವುದು 00 ಇಲ್ಲವೇ 11, ಅರ್ಧ ಅರ್ಧ. ಎರಡು ಕ್ಯೂಬಿಟ್‌ಗಳು ಗಂಟು ಬಿದ್ದವು, ನಕಲಾಗಲಿಲ್ಲ. ಗೊತ್ತಿಲ್ಲದ ಸ್ಥಿತಿಯನ್ನು ನಕಲು ಮಾಡಲಾಗದು ಅಂತ 1982ರಲ್ಲಿ ವುಟರ್ಸ್ ಮತ್ತು ಜುರೆಕ್ ತೋರಿಸಿದರು, ಡೀಕ್ಸ್ ಬೇರೆಯಾಗಿ ತೋರಿಸಿದರು.

ಈಗ ಕೆಟಗರಿ, ಅಂದರೆ ವಸ್ತುಗಳು ಮತ್ತು ಒಂದರಿಂದ ಇನ್ನೊಂದಕ್ಕೆ ಹೋಗುವ ಬಾಣಗಳ (ಫಂಕ್ಷನ್‌ನಂಥವು) ಗಣಿತ. ಸೆಟ್‌ಗಳಲ್ಲಿ ‘ಎ’ಯಿಂದ ‘ಎ, ಎ’ ಜೋಡಿಗೆ ಹೋಗುವ ಬಾಣ ಯಾವಾಗಲೂ ಇದ್ದೇ ಇರುತ್ತದೆ. ಮಾಮೂಲಿ ಭಾಷೆಯಲ್ಲಿ ಒಂದು ವೇರಿಯಬಲ್ಲನ್ನು ಹತ್ತು ಸಲ ಬರೆಯುತ್ತೇವಲ್ಲ, ಅದು ಈ ಬಾಣದ ಬಲದಿಂದ. ಕ್ವಾಂಟಮ್ ಸ್ಥಿತಿಗಳು ಇರುವ ಹಿಲ್ಬರ್ಟ್ ಸ್ಪೇಸ್‌ಗಳನ್ನು ಟೆನ್ಸರ್‌ನಿಂದ (ಕ್ಯೂಬಿಟ್‌ಗಳನ್ನು ಒಟ್ಟು ಸೇರಿಸುವ ಗುಣಾಕಾರ) ಜೋಡಿಸಿದಾಗ ಎಲ್ಲ ಸ್ಥಿತಿಗೂ ಒಪ್ಪುವ ಅಂಥ ಬಾಣ ಇಲ್ಲ. ನಿಮ್ಮ ಚೆಕರ್ ಹೇಳುವುದು ಅಷ್ಟೇ. ಆಕ್ಸ್‌ಫರ್ಡಿನ ಅಬ್ರಾಮ್ಸ್ಕಿ ಮತ್ತು ಕುಕೆ 2004ರಲ್ಲಿ ಟೆಲಿಪೋರ್ಟೇಶನ್ನನ್ನೇ (ಒಂದು ಕ್ಯೂಬಿಟ್‌ನ ಸ್ಥಿತಿಯನ್ನು ದೂರದ ಇನ್ನೊಂದಕ್ಕೆ ಸಾಗಿಸುವುದು) ಇಂಥ ಕೆಟಗರಿಯಲ್ಲಿ ಬರೆದರು. ಚಿತ್ರದಲ್ಲಿ ಸೊಟ್ಟ ದಾರವನ್ನು ಎಳೆದು ನೆಟ್ಟಗೆ ಮಾಡಿದ ಹಾಗೆ ಕಾಣುತ್ತದೆ. ಮೊದಲ ಸಲ ಕೈಯಾರೆ ಬರೆದಾಗ ನನಗೆ ತುಂಬಾ ಖುಷಿಯಾಯಿತು.

ಇನ್ನೊಬ್ಬರ ಉತ್ತರ:
2013ರ ಕ್ವಿಪ್ಪರ್ ಎಂಬ ಕ್ವಾಂಟಮ್ ಭಾಷೆ ನೋಡಿ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಳಗೆ ಕಟ್ಟಿದ್ದು. ಆಗ ಹ್ಯಾಸ್ಕೆಲ್‌ನಲ್ಲಿ ಲೀನಿಯರ್ ಟೈಪ್ (ಒಂದು ಮೌಲ್ಯವನ್ನು ಒಂದೇ ಸಲ ಬಳಸಬೇಕು ಅನ್ನುವ ಟೈಪ್) ಇರಲಿಲ್ಲ. ಹಾಗಾಗಿ ಸಿ-ನಾಟ್‌ನ ಎರಡೂ ಕಡೆಗೆ ಒಂದೇ ಕ್ಯೂಬಿಟ್ ಕೊಟ್ಟರೂ ಕಂಪೈಲ್ ಆಗುತ್ತದೆ, ಓಡಿಸಿದಾಗಲೇ ಎರರ್. ನಿಮ್ಮ ಗೈಡ್ ಹೇಳುವುದು ಸರಿ, ಮೊದಲೇ ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಸಿಮ್ಯುಲೇಟರ್‌ನಲ್ಲಿ ಸಾವಿರ ಸಲ ಓಡಿಸಿದೆ. 01, 10 ಒಂದು ಸಲವೂ ಬರಲಿಲ್ಲ! ಹಾಗಾದರೆ ಈ ಅರ್ಧಂಬರ್ಧ ಕಾಪಿಯನ್ನು ಭಾಷೆಯಿಂದ ತೆಗೆದುಬಿಡಲಾ ಸರ್?

ಉತ್ತರ:
ತೆಗೆಯಬೇಡಿ, ಅದು ಬೇಕಾಗುತ್ತದೆ. ಕುಕೆ ಮತ್ತು ಡಂಕನ್ ಕಟ್ಟಿದ, ಕ್ವಾಂಟಮ್ ಲೆಕ್ಕವನ್ನು ಚುಕ್ಕೆ, ದಾರಗಳ ಚಿತ್ರವಾಗಿ ಬರೆಯುವ ಜೆಡ್‌ಎಕ್ಸ್ ಕ್ಯಾಲ್ಕುಲಸ್‌ನಲ್ಲಿ ಹಸಿರು ಚುಕ್ಕೆಗೆ ಒಂದು ದಾರ ಒಳಗೆ, ಎರಡು ಹೊರಗೆ. ಅದೇ ಇದು. 0, 1ಕ್ಕೆ ಮಾತ್ರ ಕಾಪಿ. ಪ್ಲಸ್, ಮೈನಸ್‌ಗೆ (ವಿರುದ್ಧ ಚಿಹ್ನೆಯಲ್ಲಿ ಬೆರೆತದ್ದು) ಕೆಂಪು ಚುಕ್ಕೆ ಬೇರೆ ಇದೆ. ಒಂದು ಕ್ಯೂಬಿಟ್ ತೆಗೆದುಕೊಂಡು ಎರಡು ಹೊಸ ಕ್ಯೂಬಿಟ್ ಕೊಡುವ ಫಂಕ್ಷನ್ ಅಂತ ಟೈಪ್ ಕೊಡಿ. ಹಳೆಯ ಕ್ಯೂಬಿಟ್‌ನ ಹೆಸರು ಅಲ್ಲಿಗೆ ಮುಗಿಯಲಿ, ಮತ್ತೆ ಬಳಸುವಂತಿರಬಾರದು. ಫಂಕ್ಷನ್ನಿಗೆ ಮಾತ್ರ ‘ಕಾಪಿ’ ಅಂತ ಹೆಸರಿಡಬೇಡಿ.