ಎಂಎಂ540 ಜೀಪಿಗೆ ಹಳೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಯಾವುದು ತಗೊಳ್ಳಲಿ?

ಡೋಣಿದಂಡೆ: ನನ್ನದು ಮಹೀಂದ್ರಾ ಎಂಎಂ540. ಪೂಜೋ 2.1 ಲೀಟರ್ ಡೀಸೆಲ್ ಎಂಜಿನ್, ಡಾನಾ 18 ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಪೆಟ್ಟಿಗೆ). ಎಡ ಮೊಣಕಾಲಿಗೆ ಆಪರೇಷನ್ ಆಗಿದೆ, ಕ್ಲಚ್ ತುಳಿಯೋಕೆ ಆಗಲ್ಲ. ಗಾಡಿ ಮಾರೋಕೆ ಮನಸ್ಸೂ ಇಲ್ಲ. ಕೊಲ್ಹಾಪುರದ ಒಂದು ಗುಜರಿಯಲ್ಲಿ ಎರಡು ಬಾಕ್ಸ್ ನೋಡಿ ಬಂದೆ. ಒಂದು ಜಿಎಂನ ಟಿಎಚ್350, ಮೂರು ಗೇರ್. ಇನ್ನೊಂದು ಟೊಯೊಟಾ ಪ್ರಾಡೊ ಡೀಸೆಲ್‌ನ ಎ343ಎಫ್, ನಾಲ್ಕು ಗೇರ್, ಟ್ರಾನ್ಸ್‌ಫರ್ ಕೇಸ್ ಸಮೇತ. ಪ್ರಾಡೊ ಬಾಕ್ಸಿನ ಆಯಿಲ್ ಖಾಲಿ ಮಾಡಿಟ್ಟಿದ್ದಾರೆ. ತಳದಲ್ಲಿ ಉಳಿದ ನಾಲ್ಕು ಹನಿಯನ್ನು ಬಿಳಿ ಟವೆಲ್ ಮೇಲೆ ಬಿಟ್ಟು ನೋಡಿದೆ. ನಡುವೆ ಕಂದು, ಅಂಚಿನಲ್ಲಿ ಸ್ವಲ್ಪ ಕೆಂಪು. ಓಡಿಸೋದು ವಿಜಯಪುರದ ಬಿಸಿಲಲ್ಲಿ, ಎರೆಹೊಲದ ಕೆಸರಲ್ಲಿ. ಯಾವುದು ಒಳ್ಳೇದು?

ಗ್ರೀಸ್‌ಗೌಡ: ಟಿಎಚ್350. ಕಣ್ಣು ಮುಚ್ಚಿ ತಗೊಳ್ಳಿ. ವೈರಿಂಗ್ ಇಲ್ಲ, ಕಂಪ್ಯೂಟರ್ ಇಲ್ಲ. ಕೆಟ್ಟರೆ ಬೇವಿನ ಮರದ ಕೆಳಗೇ ಬಿಚ್ಚಬಹುದು.

ಉದ್ಯಮಬಾಗ್_ಲೇಥ್: ಕಣ್ಣು ಮುಚ್ಚಿದ್ದು ಗೊತ್ತಾಗುತ್ತಿದೆ. ಎಂಜಿನ್ ಮೇಲೆ ಎಷ್ಟು ಲೋಡ್ ಇದೆ ಅಂತ ಟಿಎಚ್350ಗೆ ತಿಳಿಯೋದು ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳೋ ಕೊಳವೆಯ, ವ್ಯಾಕ್ಯೂಮ್‌ನಿಂದ. ಡೀಸೆಲ್‌ನಲ್ಲಿ ಅದು ಎಲ್ಲಿ ಸಿಗುತ್ತೆ? ಪಂಪ್ ಇಟ್ಟು ವ್ಯಾಕ್ಯೂಮ್ ಕೊಟ್ಟರೂ ಅದು ಕಾಲಿನ ಒತ್ತಡಕ್ಕೆ ತಕ್ಕಂತೆ ಏರಿ ಇಳಿಯಬೇಕಲ್ವಾ, ಅದಕ್ಕೆ ಬೇರೆ ವಾಲ್ವ್ ಬೇಕು. ಮೇಲೆ, ಅದು ಪೆಟ್ರೋಲ್ ಎಂಜಿನ್‌ಗೆ ಕೂಡಿಸಿದ ಬಾಕ್ಸ್. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗೇರ್ ಬದಲಾಗೋ ಮೊದಲೇ ನಿಮ್ಮ ಎಂಜಿನ್‌ನ ಡೀಸೆಲ್ ಪಂಪ್ ಡೀಸೆಲ್ ಕಡಿದುಬಿಡಬಹುದು. ಆಮೇಲೆ ಫಸ್ಟ್ ಗೇರಿನಲ್ಲೇ ಕಿರುಚಿಕೊಂಡು ಹೋಗಬೇಕು.

ಗ್ರೀಸ್‌ಗೌಡ: "ಕಡಿದುಬಿಡಬಹುದು" ಅಂತೆ. ಬಹುದು! ಬಾಕ್ಸಿಗೆ ಗಾಡಿಯ ವೇಗ ತಿಳಿಸೋ ಗವರ್ನರ್‌ನ ತೂಕ, ಸ್ಪ್ರಿಂಗ್ ಬದಲಿಸಿದರೆ ಮುಗೀತು.

ಜೀಪಜ್ಜ: ಜೀಪಿಗೆ ಆಟೋಮ್ಯಾಟಿಕ್ ಹಾಕೋದೇ ತಪ್ಪು. ಹೋಳಿಗೆಗೆ ಉಪ್ಪಿನಕಾಯಿ ಹಚ್ಚಿದ ಹಾಗೆ.

ಉದ್ಯಮಬಾಗ್_ಲೇಥ್: ಅಜ್ಜಾ, 1976ರಲ್ಲಿ ಬಂದ ಜೀಪ್ ಸಿಜೆ-7ಗೆ ಕಂಪನಿಯವರೇ ಟಿಎಚ್400 ಆಟೋಮ್ಯಾಟಿಕ್ ಕೊಡುತ್ತಿದ್ದರು.

ಜೀಪಜ್ಜ: ಅದು ಅಮೆರಿಕದಲ್ಲಿ. ಅಲ್ಲಿ ನಮ್ಮ ಡೋಣಿ ನದಿ ಹರಿಯುತ್ತಾ?

ಕಬ್ಬಿನಲೋಡು: ನೀವೆಲ್ಲ ಆ ಟವೆಲ್ ಮರೆತುಬಿಟ್ಟಿರಿ. ಕಂದು ಆಯಿಲ್ ಅಂದರೆ ಹಳೇ ಆಯಿಲ್. ಒಂದು ಮಾತು ನೆನಪಿಡಿ: ಹಳೇ ಆಟೋಮ್ಯಾಟಿಕ್‌ಗೆ ಹೊಸ ಆಯಿಲ್ ಹಾಕಲೇಬಾರದು. ನಮ್ಮ ಭಾವನ ಕಾರಿಗೆ ಹಾಕಿಸಿದರು, ಹದಿನೈದು ದಿನಕ್ಕೆ ಗೇರ್ ಜಾರೋಕೆ ಶುರುವಾಯ್ತು.

ಹುಡ್ಕೋ_ಹೈಡ್ರಾಲಿಕ್: ನಿಮ್ಮ ಭಾವ ಯಾಕೆ ಆಯಿಲ್ ಬದಲಿಸಿದರು? ಮೊದಲೇ ಜಾರುತ್ತಿತ್ತು, ಅದಕ್ಕೆ ತಾನೇ? ಸಾಯೋ ಹೊತ್ತಿಗೆ ಡಾಕ್ಟರ ಹತ್ತಿರ ಒಯ್ದು, ಡಾಕ್ಟರೇ ಕೊಂದರು ಅನ್ನಬೇಡಿ.

ಕಬ್ಬಿನಲೋಡು: ನಮ್ಮ ಭಾವನ ಸುದ್ದಿಗೆ ಬರಬೇಡಿ. ಬಾಕ್ಸಿನೊಳಗಿನ ಕ್ಲಚ್ ಪ್ಲೇಟಿನ ಪುಡಿ ಹಳೇ ಆಯಿಲ್‌ನಲ್ಲಿ ಇರುತ್ತೆ. ಆ ಪುಡಿಯೇ ಹಿಡಿತ ಕೊಡೋದು. ಹೊಸ ಆಯಿಲ್ ಎಲ್ಲ ತೊಳೆದುಬಿಡುತ್ತೆ. ಇಪ್ಪತ್ತು ವರ್ಷದ ಅನುಭವದ ಮೇಸ್ತ್ರಿ ಹೇಳಿದ್ದು.

ಹುಡ್ಕೋ_ಹೈಡ್ರಾಲಿಕ್: ಪುಡಿ ಆಯಿಲ್‌ನಲ್ಲಿದೆ ಅಂದರೆ ಪ್ಲೇಟಿನ ಮೇಲೆ ಇಲ್ಲ ಅಂತಲೇ ಅರ್ಥ. ಆ ಪುಡಿ ವಾಲ್ವ್ ಬಾಡಿಯ (ಆಯಿಲ್ ಹರಿಸಿ ಗೇರ್ ಬದಲಿಸೋ ಭಾಗ) ಸಣ್ಣ ದಾರಿಗಳಲ್ಲಿ ಕೂತರೆ ವಾಲ್ವ್ ಕಚ್ಚಿಕೊಳ್ಳುತ್ತೆ. ಬಣ್ಣ ನೋಡಬೇಡಿ, ಮೂಸಿ ನೋಡಿ. ಸುಟ್ಟ ಬ್ರೇಕ್ ಲೈನಿಂಗ್ ವಾಸನೆ ಬಂದರೆ ಬಾಕ್ಸ್ ಬಿಟ್ಟು ಬನ್ನಿ. ಸುಮ್ನೆ ಕಂದಾಗಿದ್ದರೆ ವಯಸ್ಸಾಗಿದೆ, ಅಷ್ಟೇ.

ಕಬ್ಬಿನಲೋಡು: "ಅಷ್ಟೇ" ಅಂತೆ! ದುಡ್ಡು ನಿಮ್ಮದಲ್ಲವಲ್ಲ.

ಗ್ರೀಸ್‌ಗೌಡ: ತಳದ ಪ್ಯಾನ್ ಬಿಚ್ಚಿ ಆಯಿಲ್ ಇಳಿಸಿದರೂ ಪೂರ್ತಿ ಬರಲ್ಲ, ಎಂಜಿನ್‌ಗೂ ಬಾಕ್ಸ್‌ಗೂ ನಡುವೆ ಆಯಿಲ್ ಮೂಲಕ ಶಕ್ತಿ ದಾಟಿಸೋ ಕನ್ವರ್ಟರಿನಲ್ಲಿ ಬೇಕಾದಷ್ಟು ಉಳಿಯುತ್ತೆ. ಅರ್ಧ ಹೊಸದು, ಅರ್ಧ ಹಳೇದು. ಅಲ್ಲಿಗೆ ಇಬ್ಬರೂ ಸರಿ.

ಹುಡ್ಕೋ_ಹೈಡ್ರಾಲಿಕ್: ನಾನು ಅರ್ಧ ಸರಿ ಅಂತ ಎಲ್ಲೂ ಹೇಳಿಲ್ಲ.

ಕಬ್ಬಿನಲೋಡು: ನೋಡಿದ್ರಾ, ಸೊಕ್ಕು.

ಉದ್ಯಮಬಾಗ್_ಲೇಥ್: ಆ ಬಾಕ್ಸಿನಲ್ಲಿ ಆಯಿಲೇ ಇಲ್ಲ ಮಹರಾಯರೇ! ಮೊದಲ ಪೋಸ್ಟಿನಲ್ಲೇ ಖಾಲಿ ಮಾಡಿದ್ದಾರೆ ಅಂತ ಇದೆ. ಹೇಗಿದ್ದರೂ ಹೊಸದೇ ಹಾಕಬೇಕು. ಯಾರ ಜೊತೆ ಜಗಳ ಆಡ್ತಿದ್ದೀರಿ? ಕೆಲಸದ ಮಾತಾಡಿ. ಆ ಟೊಯೊಟಾ ಬಾಕ್ಸ್ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚೋ ವಾಲ್ವ್, ಮೇಲೆ ನಡೆಯುತ್ತೆ. ಪೂಜೋ ಡೀಸೆಲ್ ಪಂಪಿಗೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಅಂತ ತಿಳಿಸೋ ಥ್ರಾಟಲ್ ಸೆನ್ಸರ್ ಇಲ್ಲ. ಒಂದೋ ಬೇರೆ ಕಂಟ್ರೋಲರ್ ಹಾಕಬೇಕು, ಇಲ್ಲವೇ ಸ್ವಿಚ್ ಇಟ್ಟು ಸೊಲೆನಾಯ್ಡ್‌ಗೆ ಕರೆಂಟ್ ಕೊಟ್ಟು ಕೈಯಲ್ಲೇ ಗೇರ್ ಬದಲಿಸಬೇಕು. ಎಂಜಿನ್‌ಗೂ ಬಾಕ್ಸ್‌ಗೂ ನಡುವಿನ ಪ್ಲೇಟ್ ಸೆಂಟರ್ ತಪ್ಪಿದರೆ ಬಾಕ್ಸಿನ ಮುಂಭಾಗದ ಆಯಿಲ್ ಪಂಪಿನ ಸೀಲ್ ಉಳಿಯಲ್ಲ. ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ಒತ್ತಬೇಕು, ಪೂರ್ತಿ ಕೂರೋವರೆಗೂ. ಅರ್ಧಕ್ಕೇ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತೆ.

ಕಬ್ಬಿನಲೋಡು: ಖಾಲಿ ಮಾಡಿದ್ದು ಯಾಕೆ ಅಂತ ಯಾರಾದರೂ ಕೇಳಿದ್ರಾ? ಬಣ್ಣ ಮುಚ್ಚಿಡೋಕೆ!

ಹುಡ್ಕೋ_ಹೈಡ್ರಾಲಿಕ್: ಟೆಂಪೋದಲ್ಲಿ ಚೆಲ್ಲದಿರಲಿ ಅಂತ. ಎಲ್ಲದರಲ್ಲೂ ಕಳ್ಳನನ್ನೇ ಕಾಣ್ತೀರಲ್ಲ.

ಕೆಎ28_ಕಾಗದ: ಮೊದಲು ಆರ್‌ಟಿಒ ಯೋಚನೆ ಮಾಡಿ. ಗಾಡಿಯ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧ ಮಾರ್ಪಾಡು ಮಾಡೋ ಹಾಗಿಲ್ಲ ಅಂದಿದೆ.

ಗ್ರೀಸ್‌ಗೌಡ: ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ, ಚಾಸಿ ನಂಬರ್ ಇದೆ. ಗೇರ್‌ಬಾಕ್ಸ್ ನಂಬರ್ ತೋರಿಸಿ ನೋಡೋಣ.

ಜೀಪಜ್ಜ: ಪೂಜೋಗೆ ಪೂಜೋದ್ದೇ ಹಾಕಿ ಅಂತ ಒಬ್ಬರಾದರೂ ಹೇಳಿದ್ರಾ? 504, 505 ಕಾರುಗಳಲ್ಲಿ ಜೆಡ್‌ಎಫ್‌ನ 3ಎಚ್‌ಪಿ22 ಆಟೋಮ್ಯಾಟಿಕ್ ಬರುತ್ತಿತ್ತು.

ಉದ್ಯಮಬಾಗ್_ಲೇಥ್: ಆಟೋಮ್ಯಾಟಿಕ್ಕೇ ತಪ್ಪು ಅಂದಿದ್ದು ನೀವೇ ಅಲ್ವಾ?

ಜೀಪಜ್ಜ: ತಪ್ಪು ಮಾಡೋದಾದರೂ ಸರಿಯಾಗಿ ಮಾಡಿ ಅಂದೆ.

ಡೋಣಿದಂಡೆ: ಇವತ್ತು ಮತ್ತೆ ಕೊಲ್ಹಾಪುರಕ್ಕೆ ಹೋಗಿದ್ದೆ. ಪ್ರಾಡೊ ಬಾಕ್ಸಿನ ಪ್ಯಾನ್ ಬಿಚ್ಚಿಸಿದೆ. ಮ್ಯಾಗ್ನೆಟ್ ಮೇಲೆ ಬೂದಿ ಬಣ್ಣದ ಪೇಸ್ಟ್ ಇತ್ತು, ವಿಭೂತಿ ನೀರಲ್ಲಿ ಕಲೆಸಿದ ಹಾಗೆ ನುಣ್ಣಗೆ. ಹಿತ್ತಾಳೆ ಚೂರು ಒಂದೂ ಇಲ್ಲ. ಸುಟ್ಟ ವಾಸನೆಯೂ ಇಲ್ಲ. ಖುಷಿಯಾಯ್ತು. ಆಮೇಲೆ ಟೇಪ್ ಹಿಡಿದೆ. ನನ್ನ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ಅಂತರ) 91 ಇಂಚು. ಆ ಬಾಕ್ಸ್, ಅದರ ಟ್ರಾನ್ಸ್‌ಫರ್ ಕೇಸ್ ಎರಡೂ ಕೂರಿಸಿದರೆ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯೋ ಶಾಫ್ಟ್‌ಗೆ 11 ಇಂಚು ಮಾತ್ರ ಉಳಿಯುತ್ತೆ. ಆಕ್ಸಲ್ ಕುಣಿದಾಗ ಜಾಯಿಂಟ್ ಮುರಿಯೋದು ಖಂಡಿತ. ಟಿಎಚ್350 ಗಿಡ್ಡ. ಅದಕ್ಕೆ ಡಾನಾ 18 ಕೂಡಿಸೋ ಅಡಾಪ್ಟರ್ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಾಡಿಕೊಡ್ತಾರಾ?

ಗ್ರೀಸ್‌ಗೌಡ: ಮೊದಲ ದಿನವೇ ಹೇಳಿದ್ದೆ.

ಉದ್ಯಮಬಾಗ್_ಲೇಥ್: ನೀವು ಹೇಳಿದ್ದು ವೈರಿಂಗ್ ಇಲ್ಲ ಅಂತ. ಉದ್ದದ ಮಾತು ಎಲ್ಲಿ ಬಂತು? ಡೋಣಿದಂಡೆಯವರೇ, ಎರಡೂ ಕೇಸ್ ತಂದು ಕೊಟ್ಟರೆ ಅಡಾಪ್ಟರ್ ಆಗುತ್ತೆ. ವ್ಯಾಕ್ಯೂಮ್ ವಾಲ್ವ್ ಮಾತ್ರ ಮರೆಯಬೇಡಿ. ಮುಂದೆ ಗಾಳಿ ಬೀಳೋ ಕಡೆ ಬೇರೆ ಆಯಿಲ್ ಕೂಲರ್ ಕೂಡ ಬೇಕು.

ಕಬ್ಬಿನಲೋಡು: ಟಿಎಚ್350ಗೆ ಯಾವ ಆಯಿಲ್ ಹಾಕ್ತೀರಿ? ಹಳೇದೋ ಹೊಸದೋ?