‘ಬಂದ ದೂರುಗಳು: ಇಲ್ಲ’ ಎಂದು ಬರೆದ ಕಾಲೇಜನ್ನು ನಂಬಬಹುದಾ?

ಸೀಮಾ ಶಿರಸಿ:
ಅಣ್ಣನ ಮಗಳು ಈ ವರ್ಷ ಡಿಗ್ರಿ ಸೇರುತ್ತಿದ್ದಾಳೆ. ಫೀಸು, ಹಾಸ್ಟೆಲ್, ಬಸ್ಸು ಎಲ್ಲ ವಿಚಾರಿಸಿದ ಮೇಲೆ ಕಾಲೇಜುಗಳ ವೆಬ್‌ಸೈಟ್‌ನಲ್ಲಿ ಇನ್ನೊಂದು ಪುಟವನ್ನೂ ತೆರೆದು ನೋಡಿದೆ. ಲೈಂಗಿಕ ಕಿರುಕುಳ, ದೌರ್ಜನ್ಯದ ದೂರು ಕೇಳುವ ಆಂತರಿಕ ದೂರು ಸಮಿತಿಯ ಪುಟ. ಐಸಿಸಿ ಅಂತಾರಲ್ಲ, ಅದು. ಕೆಲವು ಕಡೆ ಪುಟವೇ ಇಲ್ಲ. ಕೆಲವು ಕಡೆ ನಿವೃತ್ತರಾಗಿ ಹೋದವರ ಹೆಸರು, ಸ್ವಿಚ್ ಆಫ್ ಆಗಿರುವ ನಂಬರು. ಪುಟ ಅಚ್ಚುಕಟ್ಟಾಗಿರುವ ಕಡೆ ವರ್ಷ ವರ್ಷವೂ ಒಂದೇ ಸಾಲು: ‘ಬಂದ ದೂರುಗಳು: ಇಲ್ಲ.’

ಎರಡು ಮೂರು ಸಾವಿರ ಮಕ್ಕಳು ಓದುವ ಜಾಗದಲ್ಲಿ ವರ್ಷಗಟ್ಟಲೆ ಒಂದೂ ದೂರು ಇಲ್ಲ ಅಂದರೆ ನನಗೆ ಧೈರ್ಯ ಬರುವುದಿಲ್ಲ. ಅಲ್ಲಿ ಹೇಳಿಕೊಳ್ಳಲು ದಾರಿಯೇ ಇಲ್ಲವೇನೋ ಅನ್ನಿಸುತ್ತದೆ. ಎಷ್ಟು ದೂರು ಬಂತು, ಎಷ್ಟು ದಿನದಲ್ಲಿ ಮುಗಿಯಿತು, ಏನು ಕ್ರಮ ಆಯಿತು, ಇಷ್ಟನ್ನು ಹೆಸರಿಲ್ಲದೆ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ನೀವೇನಂತೀರಿ?

ರವಿ ತುಮಕೂರು:
ನಾನು ಇಬ್ಬರು ಹೆಣ್ಣುಮಕ್ಕಳ ಅಪ್ಪ. ನೇರವಾಗಿ ಹೇಳುತ್ತೇನೆ ಮೇಡಂ. ಒಂದು ಕಾಲೇಜಿನಲ್ಲಿ ಆರು ದೂರು, ಪಕ್ಕದ ಕಾಲೇಜಿನಲ್ಲಿ ಸೊನ್ನೆ ಅಂತ ಇದ್ದರೆ ಯಾವ ಅಪ್ಪ ಆರು ಇರುವ ಕಡೆ ಸೇರಿಸುತ್ತಾನೆ? ಕಾಲೇಜಿನವರಿಗೂ ಅದು ಗೊತ್ತು. ಪ್ರಕಟಿಸಿ ಅಂದರೆ ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ.

ಬಿಕಾಂ ಮೇಷ್ಟ್ರು:
ನಾನು ಅನುದಾನಿತ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಐಸಿಸಿ ಸದಸ್ಯನೂ ಹೌದು. ರವಿಯವರ ಮಾತು ಒಪ್ಪುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ಕೊಡುವ ವರದಿಯಲ್ಲಿ ಲೈಂಗಿಕ ಕಿರುಕುಳ ಮತ್ತು ರ‍್ಯಾಗಿಂಗ್ ದೂರುಗಳನ್ನು ಹೇಗೆ ಪರಿಹರಿಸುತ್ತೀರಿ ಎಂಬ ಅಂಶ ಇದೆ. ಆಗ ಫೈಲು ತಯಾರಾಗುತ್ತದೆ. ಸಮಿತಿ ರಚನೆಯ ಆದೇಶ, ಸಭೆಯ ನಡಾವಳಿ, ಜಾಗೃತಿ ಕಾರ್ಯಕ್ರಮದ ಫೋಟೋ. ದೂರು ಇಲ್ಲ ಅಂದರೆ ಎಲ್ಲರಿಗೂ ನಿರಾಳ.

ಆದರೆ ನನ್ನ ತಕರಾರು ಬೇರೆ. ನಮ್ಮದು ತಾಲ್ಲೂಕಿನ ಸಣ್ಣ ಕಾಲೇಜು. ‘ಈ ವರ್ಷ ಒಂದು ದೂರು’ ಅಂತ ಹಾಕಿದರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಯಾರು ಅನ್ನುವುದು ಗೊತ್ತಾಗಿರುತ್ತದೆ. ಅವಳನ್ನು ಕಾಪಾಡುವುದು ಮುಖ್ಯವೋ, ಅಂಕಿ ಮುಖ್ಯವೋ?

ವಕೀಲೆ ವಿನುತಾ:
ಸರ್, ಸಣ್ಣ ಕಾಲೇಜಿನ ಬಗ್ಗೆ ನಿಮ್ಮ ಕಾಳಜಿ ಸರಿಯಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ವಿಷಯ. ಲೆಕ್ಕ ಕೊಡುವುದು ಕಾಲೇಜಿನ ದಯೆಯಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. 2013ರಲ್ಲಿ ಅದನ್ನು ತಡೆಯುವ ಪೋಶ್ ಕಾಯ್ದೆ ಬಂತು. ಅದರ ಪ್ರಕಾರ ಸಮಿತಿಯ ವಾರ್ಷಿಕ ವರದಿ ಜಿಲ್ಲಾ ಅಧಿಕಾರಿಗೆ ಹೋಗಬೇಕು. ಕಾಲೇಜು, ವಿಶ್ವವಿದ್ಯಾಲಯಗಳಿಗೆಂದೇ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿ ಇದೆ. ಎಷ್ಟು ದೂರು ಬಂತು, ಏನಾಯಿತು ಎಂದು ಪ್ರತಿ ವರ್ಷ ಯುಜಿಸಿಗೂ ಕಳಿಸಬೇಕು. ಅಂದರೆ ಅಂಕಿ ಈಗಲೇ ಎರಡು ಮೇಜಿನ ಮೇಲೆ ಇರಬೇಕು. ಫೀಸು ಕಟ್ಟುವವರಿಗೆ ಮಾತ್ರ ಅದು ಕಾಣುವುದಿಲ್ಲ.

ಸಮಿತಿ ಯಾರ‍್ಯಾರದು ಅನ್ನುವುದನ್ನೂ ನಿಯಮ ಹೇಳುತ್ತದೆ. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರು. ಹೊರಗಿನ ಒಬ್ಬ ಸದಸ್ಯರು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥ ಆಡಳಿತದವರು ಸದಸ್ಯರಾಗುವಂತಿಲ್ಲ. ನಿಮ್ಮ ನಿಮ್ಮ ಕಾಲೇಜಿನ ಪಟ್ಟಿ ತೆಗೆದು ನೋಡಿ.

ಬಿಕಾಂ ಮೇಷ್ಟ್ರು:
ಚುನಾಯಿತ ವಿದ್ಯಾರ್ಥಿಗಳು ನಮ್ಮಲ್ಲಿ ಇಲ್ಲ ಮೇಡಂ. ಕ್ಲಾಸಿನ ಟಾಪರ್‌ಗಳ ಹೆಸರು ಬರೆದುಕೊಳ್ಳುತ್ತೇವೆ. ರಾಜ್ಯದ ಬಹಳಷ್ಟು ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ದಶಕಗಳೇ ಆದವು.

ಹೆಸರು ಬೇಡ:
ಸೊನ್ನೆ ಹೇಗೆ ತಯಾರಾಗುತ್ತದೆ ಅಂತ ನಾನು ಹೇಳುತ್ತೇನೆ. ಎರಡನೇ ವರ್ಷದ ಡಿಗ್ರಿಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದವರ ಮೇಲೆ ದೂರು ಬರೆದುಕೊಂಡು ಆಫೀಸಿಗೆ ಹೋದೆ. ಅಲ್ಲಿದ್ದ ಹಿರಿಯ ಮೇಡಂ ಓದಿದರು. ‘ದೂರು ಅಂತ ಬೇಡಮ್ಮ, ಬ್ಯಾಚ್ ಬದಲಿಸಿ ಅಂತ ಮನವಿ ಬರೆದುಕೊಡು. ಕೆಲಸ ಬೇಗ ಆಗುತ್ತೆ’ ಅಂದರು. ಬರೆದುಕೊಟ್ಟೆ. ಬ್ಯಾಚ್ ಬದಲಾಯಿತು. ಆ ಮನುಷ್ಯ ಅಲ್ಲೇ ಉಳಿದರು. ಮರುದಿನ ಕಾಲೇಜಿನಿಂದ ನನ್ನ ಅಪ್ಪನಿಗೆ ಫೋನ್ ಹೋಯಿತು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅಪ್ಪ ಬಂದು ಟಿಸಿ ತೆಗೆಸಿದರು. ಉಳಿದದ್ದನ್ನು ಬೇರೆ ಊರಿನಲ್ಲಿ ಓದಿ ಮುಗಿಸಿದೆ. ಆ ವರ್ಷವೂ ಅವರ ವರದಿಯಲ್ಲಿ ‘ದೂರು ಇಲ್ಲ’ ಅಂತಲೇ ಬಂದಿರುತ್ತದೆ. ಯಾಕೆಂದರೆ ಫೈಲಿನಲ್ಲಿ ಇದ್ದದ್ದು ನನ್ನ ಮನವಿ.

ರವಿ ಸರ್, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಒಂದು ಕೇಳುತ್ತೇನೆ. ನಿಮ್ಮ ಮಗಳು ಸೊನ್ನೆ ಇರುವ ಕಾಲೇಜಿನಲ್ಲಿದ್ದು, ಅವಳಿಗೆ ಹೀಗಾದರೆ ಯಾರ ಹತ್ತಿರ ಹೋಗಬೇಕು?

ರವಿ ತುಮಕೂರು:
ನನ್ನ ಹತ್ತಿರ ಬರಬೇಕಮ್ಮ. ಅಪ್ಪನಿಗೆ ಫೋನ್ ಮಾಡಿದ್ದು ತಪ್ಪು ಅಂತ ಮಾತ್ರ ನಾನು ಒಪ್ಪುವುದಿಲ್ಲ. ಮಗಳಿಗೆ ತೊಂದರೆಯಾದರೆ ಮನೆಯವರಿಗೆ ಗೊತ್ತಾಗಬಾರದಾ?

ಹೆಸರು ಬೇಡ:
ಗೊತ್ತಾಗಬೇಕು, ಆದರೆ ನಾನು ಹೇಳಿ ಗೊತ್ತಾಗಬೇಕು. ನನ್ನ ಜೊತೆ ಹಾಸ್ಟೆಲ್‌ನಲ್ಲಿದ್ದ ಹುಡುಗಿಯರು ಬಾಯಿ ಬಿಡದೇ ಇದ್ದದ್ದಕ್ಕೆ ಇದೇ ಮೊದಲ ಕಾರಣ. ಮನೆಗೆ ಗೊತ್ತಾದರೆ ಓದು ಬಿಡಿಸುತ್ತಾರೆ, ಬೇಗ ಗಂಡು ನೋಡುತ್ತಾರೆ ಅನ್ನುವ ಭಯ. ಕಾಲೇಜಿಗೂ ಇದು ಗೊತ್ತು. ಹುಡುಗಿಯನ್ನು ಸುಮ್ಮನಾಗಿಸಲು ಅಪ್ಪನಿಗೆ ಒಂದು ಫೋನ್ ಸಾಕು.

ವಕೀಲೆ ವಿನುತಾ:
18 ತುಂಬಿದವಳು ದೂರು ಕೊಟ್ಟರೆ, ಅವಳನ್ನು ಕೇಳದೆ ಹೊರಗಿನವರಿಗೆ ವಿಷಯ ತಿಳಿಸಲು ಸಮಿತಿಗೆ ಅಧಿಕಾರವಿಲ್ಲ. ಪೋಶ್ ಕಾಯ್ದೆಯ 16ನೇ ಸೆಕ್ಷನ್ ಗೋಪ್ಯತೆಯ ಬಗ್ಗೆಯೇ ಇದೆ.

ಆದರೆ 18ರ ಒಳಗಿನವರ ವಿಷಯ ಪೂರ್ತಿ ಬೇರೆ. ಇದನ್ನು ಪಿಯು ಕಾಲೇಜಿನವರು ಗಮನವಿಟ್ಟು ಓದಬೇಕು. ಪಿಯು ಮಕ್ಕಳು ಹೆಚ್ಚಿನವರು 16, 17ರವರು. ಅವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹಾಗೆ ಹೇಳುತ್ತದೆ. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ‘ನಮ್ಮಲ್ಲೇ ಮಾತಾಡಿ ಮುಗಿಸೋಣ’ ಅನ್ನುವುದು ಅಲ್ಲಿ ಅಪರಾಧ.

ಹುಬ್ಬಳ್ಳಿ ಸಂತೋಷ:
ಎಲ್ಲರೂ ಒಂದೇ ಕಡೆಯಿಂದ ಮಾತಾಡುತ್ತಿದ್ದೀರಿ. ಸುಳ್ಳು ದೂರು ಬಂದರೆ ಏನ್ರೀ ಮಾಡೋದು? ಅಟೆಂಡೆನ್ಸ್ ಕಡಿಮೆ ಅಂತ ಬಿಗಿ ಮಾಡಿದ ಉಪನ್ಯಾಸಕರ ಮೇಲೆ ದೂರು ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಹೆಸರು ಹೊರಗೆ ಬಂದರೆ ಆ ಮನುಷ್ಯನ ಜೀವನವೂ ಮುಗಿಯಿತು. ಅದಕ್ಕೇ ನಾನು ಹೇಳುವುದು, ಈ ಸಮಿತಿಗಳೇ ಬೇಡ. ಅಪರಾಧ ಅಂದರೆ ಪೊಲೀಸರು, ಕೋರ್ಟು. ಮೇಷ್ಟ್ರುಗಳು ಕೂತು ತೀರ್ಪು ಕೊಡುವುದು ಯಾಕೆ?

ವಕೀಲೆ ವಿನುತಾ:
ಸಂತೋಷ್ ಅವರೇ, ಆರೋಪಿಗೂ ನ್ಯಾಯ ಸಿಗಬೇಕು. ನಿಮ್ಮ ಆ ಮಾತಿಗೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. ವಿದ್ಯಾರ್ಥಿನಿಯರು 2009ರಲ್ಲಿ ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟರು. ಸಮಿತಿ ಬೆನ್ನುಬೆನ್ನಿಗೆ ವಿಚಾರಣೆ ಇಟ್ಟು ಅವಸರದಲ್ಲಿ ಮುಗಿಸಿತು. ಆರೋಪಿಗೆ ತನ್ನ ವಾದ ಹೇಳಲು ಸರಿಯಾದ ಅವಕಾಶ ಸಿಗಲಿಲ್ಲ ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮತ್ತೆ ಸಮಿತಿಗೇ ಕಳಿಸಿತು. 14 ವರ್ಷದ ಮೇಲೆ! ಆ ಹುಡುಗಿಯರ ಗತಿ ಯೋಚಿಸಿ. ತರಬೇತಿ ಇಲ್ಲದ ಸಮಿತಿ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಅದೇ ತೀರ್ಪಿನಲ್ಲಿ, ಕಾಯ್ದೆ ಬಂದು ಇಷ್ಟು ವರ್ಷವಾದರೂ ಜಾರಿ ಸರಿಯಾಗಿಲ್ಲ ಎಂದು ಕೋರ್ಟ್ ಬೇಸರಪಟ್ಟು ಎಲ್ಲ ಕಡೆ ಸಮಿತಿಗಳನ್ನು ಪರಿಶೀಲಿಸಿ ಎಂದಿತು.

ಬೇಕೆಂದೇ ಸುಳ್ಳು ದೂರು ಕೊಟ್ಟದ್ದು ವಿಚಾರಣೆಯಲ್ಲಿ ರುಜುವಾತಾದರೆ ಕ್ರಮ ತೆಗೆದುಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಇದೆ. ಸಾಕ್ಷಿ ಸಾಲಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಅನ್ನುವುದೂ ಅಲ್ಲೇ ಇದೆ. ಹೆಸರು ಗುಟ್ಟಾಗಿಡುವ ನಿಯಮ ಆರೋಪಿಗೂ ಅನ್ವಯಿಸುತ್ತದೆ.

ಪೊಲೀಸರ ವಿಷಯ. ಅತ್ಯಾಚಾರದಂಥ ಅಪರಾಧ ಸಮಿತಿಯಲ್ಲಿ ಕೂತು ಬಗೆಹರಿಸುವಂಥದ್ದಲ್ಲ. ನೊಂದವಳು ಪೊಲೀಸರ ಬಳಿ ಹೋಗಲು ಬಯಸಿದರೆ ಕಾಲೇಜು ನೆರವಾಗಲೇಬೇಕು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅನ್ನುವಂತಿಲ್ಲ. ಆಸ್ಪತ್ರೆ, ಖಾಸಗಿಯದ್ದಾದರೂ ಸರಿ, ಉಚಿತವಾಗಿ ತಕ್ಷಣ ಚಿಕಿತ್ಸೆ ಕೊಡಬೇಕು. ಮೊದಲು ಎಫ್‌ಐಆರ್ ತನ್ನಿ ಅನ್ನಬಾರದು. ಸಾಕ್ಷ್ಯ ಸಿಗಲು ಮೊದಲ ಮೂರು ದಿನ ಬಹಳ ಮುಖ್ಯ. ಬಟ್ಟೆ ಒಗೆಯದೆ ಇಟ್ಟುಕೊಳ್ಳಬೇಕು ಅನ್ನುವುದನ್ನು ಪ್ರತಿ ಹಾಸ್ಟೆಲ್ ವಾರ್ಡನ್ ಹೇಳಿಕೊಡಬೇಕು.

ಆದರೆ ಕೋರ್ಟಿನ ತೀರ್ಪು ಬರುವಷ್ಟರಲ್ಲಿ ಅವಳ ಡಿಗ್ರಿಯೇ ಮುಗಿದಿರುತ್ತದೆ. ನಾಳೆ ಬೆಳಗ್ಗೆ ಅದೇ ಕ್ಲಾಸಿನಲ್ಲಿ ಅವನ ಎದುರು ಕೂರಬೇಕಲ್ಲ? ಆರೋಪಿ ಮೇಷ್ಟ್ರಾದರೆ ಅವಳ ಪೇಪರನ್ನು ಅವರು ತಿದ್ದದಂತೆ ತಡೆಯುವುದು, ಅವರನ್ನು ಬೇರೆ ವಿಭಾಗಕ್ಕೆ ಹಾಕುವುದು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡುವುದು, ಇದೆಲ್ಲ ಪೊಲೀಸರ ಕೈಲಿಲ್ಲ. ಸಮಿತಿ ಹೇಳಿದರೆ ಕಾಲೇಜು ಮಾಡಬಹುದು. ಎರಡೂ ದಾರಿ ಒಟ್ಟಿಗೇ ನಡೆಯಬಹುದು.

ಅತಿಥಿ ಉಪನ್ಯಾಸಕಿ:
ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ವಿದ್ಯಾರ್ಥಿನಿಯರ ಬಗ್ಗೆ ಹೇಳುತ್ತಿದ್ದೀರಿ. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ನಮ್ಮಂಥ ಅತಿಥಿಗಳದ್ದು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಇಂಥವರು ಯಾರ ಮೇಲೆ ದೂರು ಕೊಡುತ್ತಾರೆ? ಹುಡುಗಿಯೊಬ್ಬಳು ಬಂದು ಹೇಳಿಕೊಂಡರೆ ಅವಳ ಪರ ನಿಲ್ಲಲೂ ನಮಗೆ ಹೆದರಿಕೆ. ಪಿಎಚ್‌ಡಿ ಮಾಡುವವರ ಪಾಡು ಇನ್ನೂ ಕಷ್ಟ. ಗೈಡ್ ಸಹಿ ಹಾಕದಿದ್ದರೆ ಅಷ್ಟು ವರ್ಷದ ಕೆಲಸ ನೀರಿಗೆ ಹೋದಂತೆ.

ಡಲ್ಲಾಸ್ ಕನ್ನಡಿಗ:
ಅಮೆರಿಕದ ಅನುಭವ ಹೇಳುತ್ತೇನೆ, ಉಪಯೋಗವಾಗಬಹುದು. ಇಲ್ಲಿ 1990ರಿಂದ ಕ್ಲೆರಿ ಕಾಯ್ದೆ ಇದೆ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ಮಾಡಿ ಕೊಂದರು. ಅವಳ ಅಪ್ಪ ಅಮ್ಮ ಹೋರಾಡಿ ಈ ಕಾಯ್ದೆ ತಂದರು. ಕೇಂದ್ರ ಸರ್ಕಾರದ ಹಣ ಪಡೆಯುವ ಪ್ರತಿ ಕಾಲೇಜೂ ಅಕ್ಟೋಬರ್ 1ರೊಳಗೆ ಕ್ಯಾಂಪಸ್ ಅಪರಾಧಗಳ ಲೆಕ್ಕ ಪ್ರಕಟಿಸಬೇಕು. ತಪ್ಪಿದರೆ ದಂಡ. ಕ್ರೀಡಾಪಟು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಲ್ಯಾರಿ ನಾಸರ್ ಎಂಬ ವೈದ್ಯನ ಪ್ರಕರಣದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 2019ರಲ್ಲಿ 45 ಲಕ್ಷ ಡಾಲರ್ ದಂಡ ಬಿತ್ತು.

ಆದರೆ ಇಲ್ಲೂ ಎಷ್ಟೋ ಕಾಲೇಜುಗಳು ಅತ್ಯಾಚಾರದ ಕಾಲಂನಲ್ಲಿ ಸೊನ್ನೆ ಬರೆಯುತ್ತವೆ. ಅದಕ್ಕೇ ಕೆಲವು ವಿಶ್ವವಿದ್ಯಾಲಯಗಳು ಹೆಸರಿಲ್ಲದ ಸಮೀಕ್ಷೆಯನ್ನೂ ಮಾಡುತ್ತವೆ. ಸಮೀಕ್ಷೆಯಲ್ಲಿ ‘ನನಗೆ ಹೀಗಾಗಿದೆ’ ಅಂದವರು ಎಷ್ಟು, ಕಾಲೇಜಿಗೆ ಹೇಳಿದವರು ಎಷ್ಟು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ. ರವಿ ಸರ್, ಆ ಎರಡು ಅಂಕಿಗಳ ನಡುವಿನ ಅಂತರ ನೋಡಿ ನಾನು ಮಗಳ ಕಾಲೇಜು ಆಯ್ದುಕೊಂಡೆ. ಒಟ್ಟು ದೂರು ಎಷ್ಟು ಅನ್ನುವುದನ್ನು ಮುಖ್ಯ ಮಾಡಲಿಲ್ಲ.

ಸೀಮಾ ಶಿರಸಿ:
ಇದನ್ನು ಬರೀ ಲೆಕ್ಕದ ಪ್ರಶ್ನೆ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಒಡಿಶಾದ ಬಾಲಸೋರ್‌ನ ಕಾಲೇಜೊಂದರ ವಿದ್ಯಾರ್ಥಿನಿ ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟು, ಯಾರೂ ಕೇಳುತ್ತಿಲ್ಲ ಅನ್ನಿಸಿ, ಕ್ಯಾಂಪಸ್‌ನಲ್ಲೇ ಪ್ರಾಣ ಕಳೆದುಕೊಳ್ಳಲು ಹೊರಟಳು. ಎರಡು ದಿನದ ಮೇಲೆ ತೀರಿಕೊಂಡಳು. ಆ ಮುಖ್ಯಸ್ಥರ ಬಂಧನವಾಯಿತು, ಪ್ರಾಂಶುಪಾಲರ ಬಂಧನವೂ ಆಯಿತು. ಅವಳ ದೂರು ಅಲ್ಲೂ ಸಮಿತಿಯ ಮುಂದೆ ಹೋಗಿತ್ತು.

ವಕೀಲೆ ವಿನುತಾ:
ಈಗ ಮೇಷ್ಟ್ರ ತಕರಾರಿಗೆ ಬರುತ್ತೇನೆ. ಸಣ್ಣ ಕಾಲೇಜಿನಲ್ಲಿ ‘ಒಂದು’ ಅಂದರೆ ಹುಡುಗಿ ಯಾರೆಂದು ಗೊತ್ತಾಗುತ್ತದೆ, ನಿಜ. ಅಂಥ ಕಡೆ ಮೂರು ವರ್ಷದ ಲೆಕ್ಕ ಒಟ್ಟಿಗೆ ಕೊಡಲಿ. ಇಲ್ಲವೇ ವಿಶ್ವವಿದ್ಯಾಲಯ ತನ್ನ ಕೆಳಗಿನ ಸಣ್ಣ ಕಾಲೇಜುಗಳ ಲೆಕ್ಕವನ್ನು ಸೇರಿಸಿ ಪ್ರಕಟಿಸಲಿ. ವಿಚಾರಣೆ ಕಾಯ್ದೆ ಹೇಳಿದ 90 ದಿನದಲ್ಲಿ ಮುಗಿಯಿತೇ, ವರದಿ ಬಂದ ಮೇಲೆ ಕ್ರಮ ಆಯಿತೇ ಅನ್ನುವುದನ್ನಂತೂ ಪ್ರತಿ ಕಾಲೇಜೂ ಹೇಳಬಹುದು. ಅದರಿಂದ ಯಾರ ಗುಟ್ಟೂ ಹೊರಬೀಳುವುದಿಲ್ಲ.

ಬಿಕಾಂ ಮೇಷ್ಟ್ರು:
ಮೂರು ವರ್ಷದ ಲೆಕ್ಕವಾದರೆ ನನಗೆ ಒಪ್ಪಿಗೆ. ಆದರೆ ಮೊದಲು ದೂರು ಲೆಕ್ಕಕ್ಕೆ ಸಿಗಬೇಕಲ್ಲ. ‘ಹೆಸರು ಬೇಡ’ ಅವರು ಬರೆದದ್ದನ್ನು ಓದಿ ಮನಸ್ಸಿಗೆ ಬಹಳ ಬೇಜಾರಾಯಿತು. ಬಾಯಿಮಾತಿನಲ್ಲಿ ಹೇಳಿದರೂ, ಚೀಟಿಯಲ್ಲಿ ಬರೆದರೂ, ಅದನ್ನು ಬರಹದ ದೂರನ್ನಾಗಿ ಮಾಡಿಕೊಡುವುದು ಸಮಿತಿಯ ಕೆಲಸ. ಅದಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, ಇನ್‌ವರ್ಡ್ ನಂಬರ್ ಹಾಕಿ, ಸ್ವೀಕೃತಿ ಕೊಡಬೇಕು. ಆಫೀಸಿನ ಸಾಮಾನ್ಯ ಟಪಾಲಿನಲ್ಲಿ ಹೋದರೆ ಎಲ್ಲರೂ ಓದುತ್ತಾರೆ. ಮುಂದಿನ ಸಭೆಯಲ್ಲಿ ಇದನ್ನು ಇಡುತ್ತೇನೆ. ಆಡಳಿತ ಮಂಡಳಿ ಬೇಡ ಅಂದರೆ ಅದನ್ನೂ ನಡಾವಳಿಯಲ್ಲಿ ಬರೆಸುತ್ತೇನೆ.

ಹುಬ್ಬಳ್ಳಿ ಸಂತೋಷ:
ರಿಜಿಸ್ಟರ್, ಸ್ವೀಕೃತಿ ಇದ್ದರೆ ಆರೋಪಿಗೂ ಒಳ್ಳೆಯದೇ. ಯಾವ ದಿನ ಏನು ದೂರು ಬಂತು ಅನ್ನುವುದು ಆಮೇಲೆ ಬದಲಾಗುವುದಿಲ್ಲ. ಆದರೆ ಸಮಿತಿಯವರಿಗೆ ತರಬೇತಿ ಕೊಡುವವರೆಗೆ ನನ್ನ ಅನುಮಾನ ಹೋಗುವುದಿಲ್ಲ ನೋಡ್ರಿ.

ರವಿ ತುಮಕೂರು:
ನಮ್ಮಂಥವರು ಈಗ ಏನು ಮಾಡಬಹುದು? ವೆಬ್‌ಸೈಟ್‌ನಲ್ಲಿ ಇಲ್ಲದ್ದನ್ನು ಕೇಳಿ ಪಡೆಯಲು ಆಗುತ್ತದಾ?

ವಕೀಲೆ ವಿನುತಾ:
ಆಗುತ್ತದೆ. ಸರ್ಕಾರಿ ಕಾಲೇಜು ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುತ್ತದೆ. ಸರ್ಕಾರದಿಂದ ಗಣನೀಯ ಅನುದಾನ ಪಡೆಯುವ ಕಾಲೇಜುಗಳೂ ಬರುತ್ತವೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಸಗಿಯಾದರೆ ಆ ಕಾಲೇಜು ಕಳಿಸಿದ ವರದಿಯ ಪ್ರತಿಯನ್ನು ಯುಜಿಸಿಯಿಂದ, ಇಲ್ಲವೇ ಜಿಲ್ಲಾ ಅಧಿಕಾರಿಯಿಂದ ಕೇಳಬಹುದು. ರಾಜ್ಯದ ಕಚೇರಿಗಾದರೆ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಕಳೆದ ಮೂರು ವರ್ಷದಲ್ಲಿ ಬಂದ ದೂರು ಎಷ್ಟು, 90 ದಿನ ಮೀರಿದ್ದು ಎಷ್ಟು, ಸಮಿತಿಯ ಹೊರಗಿನ ಸದಸ್ಯರು ಯಾರು, ವಿದ್ಯಾರ್ಥಿ ಸದಸ್ಯರನ್ನು ಆರಿಸಿದ್ದು ಹೇಗೆ ಅಂತ ಕೇಳಿ. ದೂರುದಾರರ ಹೆಸರು, ವಿವರ ಮಾತ್ರ ಕೇಳಬೇಡಿ.

ಯಾರಿಗಾದರೂ ಈಗಲೇ ನೆರವು ಬೇಕಿದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181. ವಕೀಲರಿಗೆ ಕೊಡಲು ಹಣವಿಲ್ಲ ಅಂತ ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ, 15100ಗೆ ಕರೆ ಮಾಡಿ.

ಹೆಸರು ಬೇಡ:
ಆ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ ಮೇಡಂ. ಲ್ಯಾಬ್ ಬ್ಯಾಚ್, ಗೈಡ್, ಹಾಸ್ಟೆಲ್ ಕೋಣೆ ಬದಲಿಸಿ ಎಂದು ವಿದ್ಯಾರ್ಥಿನಿಯರು ಕೊಟ್ಟ ಮನವಿಗಳು ಎಷ್ಟು ಅಂತ.