ಕಾಡ್ಗಿಚ್ಚಿನ ಸ್ಮಾರಕಕ್ಕೆ ಹಳೇ ಹಾಲ್: ಯಾವ ಕೆಲಸ ಮೊದಲು?

ಕಾಡಂಚು: ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿರೋ ಗುಡ್ಡದೂರೊಂದರ ಪಾಳುಬಿದ್ದ ಸಮುದಾಯ ಹಾಲ್. ಹಲಗೆ ಗೋಡೆ, ಜಿಂಕ್ ಶೀಟಿನ ಮಾಡು (ಛಾವಣಿ), ಮರದ ಕುತ್ತಿಗಳ (ಗಿಡ್ಡ ಕಂಬಗಳ) ಮೇಲೆ ನಿಂತ ನೆಲ. ಒಂದು ಮೂಲೆ 40 ಮಿ.ಮೀ. ಕುಸಿದಿದೆ, ಅಡುಗೆಕೋಣೆಯಲ್ಲಿ ಆಸ್ಬೆಸ್ಟಾಸ್ ಶೀಟ್. 2009ರ ಫೆಬ್ರವರಿ 7ರ ‘ಬ್ಲ್ಯಾಕ್ ಸ್ಯಾಟರ್ಡೇ’ ಕಾಡ್ಗಿಚ್ಚಿನ ಸ್ಮಾರಕ ಮಾಡೋ ಯೋಚನೆ. ಸುಟ್ಟ ಬಾಗಿಲು, ಕರಗಿದ ಅಲ್ಯೂಮಿನಿಯಂ ಗಟ್ಟಿಗಳನ್ನೂ ಇಡಬೇಕು. ಮೊದಲು ಬಣ್ಣ ಹೊಡೆಸಿಬಿಡೋಣ ಅಂತಿದೆ ಸಮಿತಿ. ಸರೀನಾ?

ಬಡಗಿ: ಬಣ್ಣ ಕೊನೆಗೆ ಸರ್. ಮೊದಲು ಆಸ್ಬೆಸ್ಟಾಸ್, ಅದೂ ಪರವಾನಗಿ ಇರೋರ ಕೈಲೇ. ಪ್ರೆಶರ್ ವಾಷರ್ ಹಿಡಿಯಲೇಬೇಡಿ, ನಾರು ಊರೆಲ್ಲ ಹರಡುತ್ತೆ. ಹಳೇ ಬಣ್ಣದಲ್ಲಿ ಸೀಸ ಇರೋ ಸಂಭವ ಜಾಸ್ತಿ. ಪರೀಕ್ಷೆ ಮಾಡಿಸದೆ ಒಣಗಿದ್ದನ್ನ ಉಜ್ಜಬೇಡಿ, ಹೀಟ್ ಗನ್ನೂ ಬೇಡ.

ಆಮೇಲೆ ಕುತ್ತಿ. 40 ಮಿ.ಮೀ.ನ ಒಂದೇ ದಿನ ಎತ್ತಿದ್ರೆ ಕಿಟಕಿ ಗಾಜು ಸೀಳುತ್ತೆ, ಹಲಗೆ ಮೊಳೆ ಕಿತ್ತು ಬರುತ್ತೆ. ಗೋಡೆ ಆ ಓರೆಗೇ ಒಗ್ಗಿಹೋಗಿರುತ್ತೆ. ಸಲಕ್ಕೆ 3–4 ಮಿ.ಮೀ. ಎತ್ತಿ, ಅಕ್ಕಪಕ್ಕದ ಜಾಕ್‌ಗಳನ್ನೂ ಒಂದು ಸುತ್ತು ತಿರುಗಿಸಿ, ಬಾಗಿಲು ಬಿಗಿಯಾಯ್ತಾ ನೋಡಿ, ಮುಂದಕ್ಕೆ ಹೋಗಿ. ಹೊಸ ಕುತ್ತಿಗೂ ತೊಲೆಗೂ ನಡುವೆ ತಗಡಿನ ಟೋಪಿ ಮರೀಬೇಡಿ. ಅದು ಗೆದ್ದಲನ್ನ ತಡೆಯಲ್ಲ. ಗೆದ್ದಲು ತಗಡನ್ನ ಸುತ್ತಿಕೊಂಡು ಹೊರಗಿಂದ ಮಣ್ಣಿನ ದಾರಿ ಕಟ್ಟೋ ಹಾಗೆ ಮಾಡುತ್ತೆ, ಆಗ ನಮ್ಮ ಕಣ್ಣಿಗೆ ಬೀಳುತ್ತೆ, ಅಷ್ಟೆ.

ಮಾಡು_ತಗಡು: ಸ್ಮಾರಕವೇ ಮುಂದಿನ ಬೆಂಕಿಗೆ ಹೋದ್ರೆ ಏನು ಚೆನ್ನ! ಜ್ವಾಲೆ ಬರೋಕೆ ಮುಂಚೆ ಕಿಡಿಗಳೇ ಮನೆ ಸುಡೋದು. ನೆಲದಡಿ, ಸೂರು, ಗಾಳಿಕಿಂಡಿ ಎಲ್ಲಕ್ಕೂ 2 ಮಿ.ಮೀ. ಮೀರದ ಕಣ್ಣಿನ ಸ್ಟೀಲ್ ಜಾಲರಿ ಹಾಕಿ. ಪ್ಲಾಸ್ಟಿಕ್‌ದು ಕರಗುತ್ತೆ. ಶೀಟಿನ ಅಲೆಗೂ ಮಾಡಿನ ನೆತ್ತಿಯ ತಗಡಿಗೂ ನಡುವಿನ ಸಂದಿಗೆ ಮಿನರಲ್ ವೂಲ್ (ಬೆಂಕಿ ಹಿಡಿಯದ ಕಲ್ಲುನಾರಿನ ಹತ್ತಿ) ತುರುಕಿ. ಎಲ್ಲರೂ ಬಿಡೋದು ಇದನ್ನೇ. ಕಾಡ್ಗಿಚ್ಚಿನ ಜಾಗದ ಕಟ್ಟಡಗಳಿಗಿರೋ ಆಸ್ಟ್ರೇಲಿಯಾದ ಮಾನದಂಡ ಎಎಸ್ 3959ರ ಪ್ರಕಾರ ಜಾಗದ ಬಿಎಎಲ್ ದರ್ಜೆ (ಬೆಂಕಿಯ ಅಪಾಯ ಎಷ್ಟು ಅನ್ನೋ ಅಳತೆ) ಮೊದಲೇ ಅಳೆಸಿ, ಕಿಟಕಿ ಗಾಜು ಕೂಡ ಅದರ ಮೇಲೇ ತೀರ್ಮಾನ.

ಇನ್ನೊಂದು: ಮಾಡಿಗೆ ಹೊಸ ಜಿಂಕಲ್ಯೂಮ್ (ಅಲ್ಯೂಮಿನಿಯಂ-ಸತು ಲೇಪದ ಶೀಟ್) ಹಾಕಿ ಸೂರಿನ ಹಳೇ ಗ್ಯಾಲ್ವನೈಸ್ಡ್ (ಸತು ಲೇಪದ) ನೀರಿನ ದೋಣಿ ಉಳಿಸಿದ್ರೆ ದೋಣಿ ಬೇಗ ತೂತು. ಹಳೇ ಮಾಡಿನ ನೀರು ಸತುವನ್ನ ಕರಗಿಸಿಕೊಂಡು ಬರ್ತಿತ್ತು, ಅದಕ್ಕೇ ದೋಣಿಯದನ್ನ ಅಷ್ಟಾಗಿ ತಿನ್ನುತ್ತಿರಲಿಲ್ಲ; ಹೊಸದರದು ದೋಣಿಯ ಸತುವನ್ನೇ ತಿನ್ನುತ್ತೆ.

ಮಸಿ_ಸ್ಪಂಜು: ಸುಟ್ಟ ಬಾಗಿಲನ್ನ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮಸಿ ಮರದೊಳಗೆ ಇಳಿದುಬಿಡುತ್ತೆ. ಒಣ ರಬ್ಬರ್ ಸ್ಪಂಜು ಮೆತ್ತಗೆ ಒತ್ತಿ ಎತ್ತಿ, ಉಜ್ಜಬೇಡಿ. ವಾರ್ನಿಷ್ ಬೇಡವೇ ಬೇಡ. ಬೆಂಕಿಯ ಫೋಟೊಗಳನ್ನ ಪಕ್ಕದ ಕೋಣೆಗೆ ಹಾಕಿ, ಬಾಗಿಲಲ್ಲೇ ಸೂಚನೆ ಇರಲಿ. ಮನೆಯವರನ್ನ ಕಳಕೊಂಡವರು ಅದೇ ಹಾಲ್‌ಗೆ ಟೀ ಕುಡಿಯೋಕೂ ಬರ್ತಾರೆ.

ಕಾಡಂಚು: ನೆಲ 600 ಮಿ.ಮೀ. ಎತ್ತರ. ಗಾಲಿಕುರ್ಚಿಗೆ ರ‍್ಯಾಂಪ್ ಎಷ್ಟುದ್ದ ಬೇಕು?

ಬಡಗಿ: 1:14 ಇಳಿಜಾರಿಗೆ (14 ಮೀಟರ್ ಉದ್ದಕ್ಕೆ 1 ಮೀಟರ್ ಏರು) 8.4 ಮೀಟರ್. 9 ಮೀಟರಿನೊಳಗೇ ಇರೋದ್ರಿಂದ ಮಧ್ಯೆ ನಿಂತು ಸುಧಾರಿಸಿಕೊಳ್ಳೋ ಕಟ್ಟೆ ಬೇಡ. ಜಾಗ ಸಾಲದೆ ತಿರುಗಿಸೋದಾದ್ರೆ ಮೂಲೆಯಲ್ಲಿ 1500×1500 ಮಿ.ಮೀ. ಸಮತಟ್ಟು ಬಿಡಿ. ಕೈಯಲ್ಲಿ ಹಿಡಿಯೋ ಕಂಬಿ ಎರಡೂ ಕಡೆ.